ಕಣ್ಣು ಮುಚ್ಚಿ ಕಟ್ಟಿದ ಗಂಟಿನೊಳಗಿದ್ದ ಬೆಕ್ಕಿನವರಿಗೆ

ಮಾನ್ಯರೇ,

ಪೂಜ್ಯ ಬೂದುಬೆಕ್ಕಿನವರ ನಾಲ್ಕೂ ಪಾದಗಳಿಗೆ ಬೇರೆಬೇರೆಯಾಗಿ ನಮಸ್ಕರಿಸಿ, ತಮ್ಮ ಮಾಜಿ ಯಜಮಾನ, ಅಂದರೆ ಮಾಜಿ ಸೇವಕ, ಮಾಡಿಕೊಳ್ಳುವ ಅರಿಕೆ ಏನೆಂದರೆ, ನಾನಿಲ್ಲಿ ಕ್ಷೇಮ. ತಾವು ನನ್ನ ತಂಗಿಯ ಮನೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಕ್ಷೇಮವಾಗಿದ್ದೀರೆಂದು ಕೇಳಿ ಹೊಟ್ಟೆ ಉರಿಯಿತು. ಹಳ್ಳಿ ಶಾಲೆಯಲ್ಲಿ ಪತ್ರಲೇಖನಕ್ಕೆ ಹತ್ತಕ್ಕೆ ಹನ್ನೊಂದು ಅಂಕ ಪಡೆದವನು ನಾನು. ತಪ್ಪು ಹುಡುಕುವ ಶ್ರಮ ಬೇಡ.

ತಾವು ಬಲ್ಲಂತೆ, ನಮ್ಮ ಮನೆತನದಲ್ಲಿ ಉಡುಗೊರೆಗೆ ಬಣ್ಣದ ಕಾಗದ ಸುತ್ತುವವರನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಅಜ್ಜಿಯ ಕಾಲದಿಂದಲೂ ಒಂದೇ ಒಂದು ಕೆಂಪು ಬಟ್ಟೆ. ಉಡುಗೊರೆ ಪಡೆದವರು ಅದನ್ನು ಒಗೆದು ಮಡಿಸಿಟ್ಟು, ಮುಂದಿನವರ ಉಡುಗೊರೆಯನ್ನು ಅದರಲ್ಲೇ ಗಂಟು ಕಟ್ಟಿ ಕೊಡಬೇಕು. ಬಟ್ಟೆ ಮನೆಯಿಂದ ಮನೆಗೆ ಸುತ್ತುತ್ತಲೇ ಇರಬಹುದು, ಗಂಟಿನೊಳಗಿದ್ದದ್ದನ್ನು ಮಾತ್ರ ಕೊಟ್ಟವರು ವಾಪಸ್ ಕೇಳುವಂತಿಲ್ಲ. ಈ ನಿಯಮವನ್ನು ಎಲ್ಲರಿಗಿಂತ ಜೋರಾಗಿ ಸಾರುತ್ತಿದ್ದವನು ನಾನೇ ಎಂಬುದನ್ನು ನನ್ನಾಕೆ ದಿನಕ್ಕೆರಡು ಸಲ ನೆನಪಿಸುತ್ತಾಳೆ.

ತಂಗಿ ಹೊಲಿಗೆ ಅಂಗಡಿ ತೆರೆದ ದಿನ, ಅವಳಿಗೆಂದು ತಂದ ಚಹದ ಕೆಟಲನ್ನು ಬುಟ್ಟಿಯಲ್ಲಿಟ್ಟಿದ್ದೆ. ಪಕ್ಕದ ಬುಟ್ಟಿಯಲ್ಲಿ ತಾವು ಪವಡಿಸಿದ್ದಿರಿ. ನನ್ನಂತೆ ಗಂಟನ್ನು ಈ ಸೀಮೆಯಲ್ಲೇ ಯಾರೂ ಕಟ್ಟಲಾರರು, ನಾನಾದರೋ ಕಣ್ಣು ಮುಚ್ಚಿಕೊಂಡೂ ಕಟ್ಟಬಲ್ಲೆ ಎಂದೆ. "ಕಟ್ರೀ ನೋಡೋಣ" ಎಂದು ನನ್ನಾಕೆ ಚಪ್ಪಲಿ ಹುಡುಕಲು ಹೋದಳು. ಕಟ್ಟಿಯೇಬಿಟ್ಟೆ. ಗಂಟೇನೋ ಅಮೋಘವಾಗಿತ್ತು, ಒಳಗಿದ್ದವರು ತಾವು.

ಹಾಲು ಎರಡು ನಿಮಿಷ ತಡವಾದರೆ ಬೀದಿಯನ್ನೇ ಎಬ್ಬಿಸುವ ತಾವು, ಅಂದು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದೇ ಒಂದು "ಮಿಯಾಂವ್" ಕೂಡ ಅನ್ನದೆ ತೋರಿದ ಸಂಯಮ ಸನ್ಯಾಸಿಗಳಿಗೂ ಒಲಿಯದು. ತಂಗಿ ಗಂಟು ಬಿಚ್ಚಿ, "ಅಣ್ಣಾ, ಇಷ್ಟು ವರ್ಷಕ್ಕೆ ಒಂದು ಒಳ್ಳೇದು ಕೊಟ್ಟೆ ನೋಡು!" ಎಂದು ತಮ್ಮನ್ನು ಎತ್ತಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ನಾನೂ ಬೇಕೆಂದೇ ತಂದವನಂತೆ ತಲೆ ಬಾಗಿಸಿದೆ. ಆ ತಲೆ ಇನ್ನೂ ಎದ್ದಿಲ್ಲ.

ಈಗ ಸಂಜೆಯಾದರೆ ತೊಡೆ ಖಾಲಿ. ಕೆಟಲನ್ನು ತೊಡೆಯ ಮೇಲಿಟ್ಟುಕೊಂಡು ಸವರಿಯೂ ನೋಡಿದೆ. ಅದು ಗುರುಗುಟ್ಟಬೇಕಾದರೆ ಒಲೆಯ ಮೇಲಿಡಬೇಕು.

ಬರುವ ಭಾನುವಾರ ನನ್ನ ಹುಟ್ಟುಹಬ್ಬ. ಬಟ್ಟೆ ತಂಗಿಯ ಬಳಿ ಇರುವುದರಿಂದ ಗಂಟು ಅವಳೇ ಕಟ್ಟಬೇಕು. ತಮ್ಮನ್ನು ಕೊಡೆಂದು ಬಾಯಿಬಿಟ್ಟು ಕೇಳಿದರೆ ಮಾನ ಹೋಗುತ್ತದೆ. ಆದ್ದರಿಂದ "ಕಣ್ಣು ಮುಚ್ಚಿ ಕಟ್ಟೋದು ನಿನ್ನ ಕೈಲಾಗಲ್ಲಮ್ಮ" ಎಂದು ಫೋನಿನಲ್ಲಿ ಕೆಣಕಿದ್ದೇನೆ. ಅವಳೂ ನನ್ನ ತಂಗಿಯೇ ತಾನೆ, "ನಿನಗಿಂತ ಚೆನ್ನಾಗಿ ಕಟ್ತೀನಿ, ನೋಡ್ತಿರು" ಎಂದಿದ್ದಾಳೆ. ಕಾರಣ, ತಾವು ಅಂದು ಬೆಳಿಗ್ಗೆ ಬಟ್ಟೆಯ ನಟ್ಟನಡುವೆ ಮಲಗಿ, ಬಾಲವನ್ನು ಒಳಗೆಳೆದುಕೊಂಡು, ಉಡುಗೊರೆಯ ಡಬ್ಬಿಯಂತೆ ಸಾಧ್ಯವಾದಷ್ಟು ಚೌಕಾಕಾರವಾಗಿರಬೇಕಾಗಿ ವಿನಂತಿ.

ಖಾಲಿ ತೊಡೆಯ,
ತಮ್ಮ ವಿಶ್ವಾಸಿ,
ಕೆಟಲಿನ ಹಾಲಿ ಒಡೆಯ

ತಾ.ಕ.: ಇದು ಬಹಿರಂಗ ಪತ್ರವಾದರೂ ತಂಗಿಯ ಗೇಟಿನ ಬುಡದಲ್ಲಿ, ತಮ್ಮ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದೇನೆ, ಸೊಂಟನೋವಿರುವ ಅವಳಿಗೆ ಅಷ್ಟು ಬಗ್ಗಲಾಗದು. ಇನ್ನೊಂದು ಮಾತು: ತಮ್ಮ ದಿಂಬಿನ ಮೇಲೆ ಈಗ ಇಲಿಯೊಂದು ಮಲಗುತ್ತಿದೆ. ಭಾನುವಾರದ ಗಂಟಿನಿಂದ ತಾವು ಹೊರಬರದಿದ್ದರೆ, ಸೋಮವಾರದಿಂದ ಅದನ್ನೇ ತಮ್ಮ ಹುದ್ದೆಯಲ್ಲಿ ಕಾಯಂ ಮಾಡಲಾಗುವುದು.