ಕೆಂಪು ಬಣ್ಣ ತೀರಿತ್ತು

ಬೇರೆಯವರ ಮನೆಯ ದೋಷ ತೋರಿಸುವಾಗ ಮನುಷ್ಯನ ಕೈ ಎಷ್ಟು ಸ್ಥಿರವಾಗಿರುತ್ತದೆಂದರೆ, ಆ ಹೊತ್ತಿನಲ್ಲಿ ಅವನಿಂದ ಸೂಜಿಗೆ ದಾರ ಹಾಕಿಸಿಕೊಳ್ಳಬಹುದು. ತನ್ನ ಮನೆಯ ಸರದಿ ಬಂದಾಗ ಮಾತ್ರ ಕುಂಚ ಜಾರುತ್ತದೆ, ಕಣ್ಣು ಮಂಜಾಗುತ್ತದೆ, ಬಣ್ಣ ತೀರಿಬಿಡುತ್ತದೆ. ಇದು ಯಾವ ದೊಡ್ಡವರೂ ಹೇಳಿಕೊಟ್ಟದ್ದಲ್ಲ, ನನ್ನ ಸ್ವಂತ ಸಂಪಾದನೆ. ಬೈಲಹೊಂಗಲದ ನಮ್ಮ ಓಣಿಯ ಬಿಸಿಲನ್ನು ಚಿತ್ರವಾಗಿ ಬರೆದು, ಎಲ್ಲರ ಮನೆಗೂ ನ್ಯಾಯವಾದ ಬಣ್ಣ ಹಚ್ಚಿ, ನಮ್ಮ ಮನೆಗೆ ಮಾತ್ರ ಸುಳ್ಳು ಬಣ್ಣ ಹಚ್ಚಿದ ಮಹಾಶಯ ನಾನೇ. ಆ ಅಂಗೈಯಗಲದ ನೀಲಿಯಿಂದಾಗಿ ಪಕ್ಕದ ಮನೆಯ ಶೈಲಕ್ಕನ ಲಗ್ನ ತಪ್ಪುವುದರಲ್ಲಿತ್ತು. ಬೈಯುವವರು ಈಗಲೇ ಬೈದುಬಿಡಿ, ಆಮೇಲೆ ನಿರಾಳವಾಗಿ ಓದಬಹುದು.

ನನ್ನ ಹೆಸರು ಮಂಜುನಾಥ. ಓಣಿಗೆ ಮಂಜ್ಯಾ. ಸವದತ್ತಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ ಎಂದು ಹೇಳಿಕೊಳ್ಳುತ್ತೇನೆ. ನಿಜವಾಗಿ ನನ್ನ ಪೀರಿಯಡ್‌ಗಳಲ್ಲಿ ಗಣಿತದ ಮಾಸ್ತರರು ಉಳಿದ ಪಾಠ ಮುಗಿಸಿಕೊಳ್ಳುತ್ತಾರೆ. ಹೀಗಾಗಿ ನನ್ನ ಮುಖ್ಯ ವಿದ್ಯೆ ಅಣಕ. ಬಸ್ಸಿನ ಕಂಡಕ್ಟರ್, ಸಂತೆಯ ಮೆಣಸಿನಕಾಯಿ ಮಾರುವವಳು, ಮೂಗಿನಲ್ಲೇ ಪಾಠ ಮಾಡುವ ವಿಜ್ಞಾನದ ಮಾಸ್ತರರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರಂತೆ ಕೆಮ್ಮಿದೆ. ಎಲ್ಲರೂ ಮೊಬೈಲು ಒಳಗಿಟ್ಟು ಗಡಿಬಿಡಿಯಿಂದ ಎದ್ದು ನಿಂತರು. ನನಗೆ ಹೆಮ್ಮೆಯೋ ಹೆಮ್ಮೆ. ನನ್ನ ಬೆನ್ನ ಹಿಂದೆ ಹೆಡ್‌ಮಾಸ್ತರರೇ ನಿಂತಿದ್ದಾರೆಂಬುದು ಅವರು ಉತ್ತರವಾಗಿ ಕೆಮ್ಮಿದಾಗ ತಿಳಿಯಿತು.

ಈ ಚಿತ್ರದ ಮೂಲ ಪಕ್ಕದ ಮನೆಯ ಏಸಿ. ಚನ್ನಬಸಪ್ಪ ಕಾಕಾನದು ಪೇಟೆಯಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ. ಹಳೆಯ ಮಣ್ಣಿನ ಮಾಳಿಗೆಯ ಮನೆ ಕೆಡವಿ, ಸಿಮೆಂಟು ಮತ್ತು ಗಾಜಿನ ದೊಡ್ಡ ಮನೆ ಕಟ್ಟಿಸಿದ. ಆ ಗಾಜಿನೊಳಗೆ ಬಿಸಿಲು ಅಳಿಯನಂತೆ ಬಂದು ಕೂತು ಏಳದೇ ಹೋದಾಗ ಏಸಿ ತಂದ. ಅಂದಿನಿಂದ ಓಣಿಯಲ್ಲಿ ಯಾರೇ ಸಿಕ್ಕರೂ ಹೊಟ್ಟೆಯ ಮೇಲೆ ಕೈಯಾಡಿಸುತ್ತ, "ಒಳಗ ಬಂದ ನೋಡ್ರಿ, ಮಹಾಬಳೇಶ್ವರ ಐತಿ ಮಹಾಬಳೇಶ್ವರ!" ಎನ್ನುವುದು. ಒಳಗೆ ಮಹಾಬಳೇಶ್ವರದ ಬೆಟ್ಟದ ತಂಪು ಸರಿ, ಅಲ್ಲಿಂದ ಹೊರದಬ್ಬಿದ ಬಿಸಿ ಎಲ್ಲಿಗೆ ಹೋಗಬೇಕು? ಏಸಿಯ ಹೊರಗಿನ ಡಬ್ಬಿ ನಮ್ಮ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಹಗಲೆಲ್ಲ ಬಿಸಿಯುಸಿರು ಬಿಡುತ್ತಿತ್ತು. ನಮ್ಮವ್ವ ಕಿಟಕಿ ತೆರೆದು, "ಇನ್ನ ಗ್ಯಾಸ್ ಯಾಕಪಾ, ರೊಟ್ಟಿ ಬಡದು ಇಲ್ಲೇ ಹಿಡದ್ರ ಬೇಯತಾವು" ಎಂದಳು.

ಅದೇ ಹೊತ್ತಿಗೆ ಧಾರವಾಡದಲ್ಲಿ ಒಂದು ಚಿತ್ರಕಲಾ ಶಿಬಿರಕ್ಕೆ ಹೋಗಿದ್ದೆ. ಗಡ್ಡದ ಸರ್ ಒಬ್ಬರು, "ಬಿಸಿಲೆಂದರೆ ಸೂರ್ಯನನ್ನು ಬರೆಯಬೇಡಿ. ಸೂರ್ಯ ನಮ್ಮಜ್ಜನ ಕಾಲದಲ್ಲೂ ಇದ್ದ. ಈ ಹೊಸ ಸೆಖೆ ಎಲ್ಲಿಂದ ಬಂತು, ಅದನ್ನು ಬರೆಯಿರಿ" ಎಂದಿದ್ದರು. ಉಳಿದವರು ಬಿರುಕುಬಿಟ್ಟ ನೆಲ ಬರೆದರು. ನಾನು ಊರಿಗೆ ಬಂದು ಕಾಕಾ ಬಿಸಾಕಿದ ಏಸಿಯ ರಟ್ಟಿನ ಡಬ್ಬಿ ಎತ್ತಿಕೊಂಡೆ. ಅದನ್ನು ಬಿಡಿಸಿ ಹಾಸಿ, ಅದರ ಮೇಲೆ ಓಣಿಯ ನಕಾಶೆ ಬರೆಯುವುದೆಂದು ನಿಶ್ಚಯಿಸಿದೆ. ಹೆಚ್ಚು ಕಾದ ಮನೆಗೆ ಕೆಂಪು, ನಡುವಿನದಕ್ಕೆ ಹಳದಿ, ತಂಪು ಮನೆಗೆ ನೀಲಿ. ಶಾಲೆಯ ಕಪಾಟಿನಲ್ಲಿ ಕೊರೊನಾ ಕಾಲದ ಜ್ವರ ನೋಡುವ ಗನ್ನು ಬಿದ್ದಿತ್ತು. ಅದನ್ನು ಕೇಳಿ ತಂದು, ನಡು ಮಧ್ಯಾಹ್ನ ಮನೆಮನೆಯ ಗೋಡೆಗೆ ಗುರಿ ಹಿಡಿಯುತ್ತ ಹೊರಟೆ. ಜೊತೆಗೆ ಕಾಕಾನ ಮಗಳು ಶೈಲಕ್ಕ. ಅವಳೂ ಮಾಸ್ತರಿಕೆಯವಳು, ಸಣ್ಣವನಿದ್ದಾಗ ನನ್ನ ಕಿವಿ ಹಿಂಡಿ ಮಗ್ಗಿ ಕಲಿಸಿದವಳು.

ಓಣಿಯ ತುದಿಯಲ್ಲಿ ಗಂಗವ್ವಾಯಿಯದು ಮಣ್ಣಿನ ಮಾಳಿಗೆಯ ಹಳೇ ಮನೆ, ಮುಂದೆ ದೊಡ್ಡ ಬೇವಿನ ಗಿಡ. ಗನ್ನು ಕಂಡೊಡನೆ ಅಭ್ಯಾಸಬಲದಿಂದ ಹಣೆ ಮುಂದೆ ಮಾಡಿದಳು.

"ನಿನಗಲ್ಲ ಆಯಿ, ನಿನ್ನ ಮನಿಗೆ ಜ್ವರ ಐತೇನ ನೋಡಾಕತ್ತೇನಿ."

"ಮನಿಗಿ ಜ್ವರ ಬಂದ್ರ ಗುಳಿಗಿ ಯಾರಿಗಿ ಕೊಡ್ತಿಯೋ, ಹುಚ್ಚಪ್ಪಾ?"

ಅವಳ ಮನೆಗೆ ಜ್ವರವಿರಲಿಲ್ಲ, ಅಪ್ಪಟ ನೀಲಿ. ಕಾಕಾನ ಮನೆಗೆ ಗನ್ನು ಹಿಡಿದರೆ ಅದು ಕೀಂ ಕೀಂ ಎಂದು ಬೊಬ್ಬೆ ಹೊಡೆಯಿತು. ಕೊನೆಗೆ ನಮ್ಮ ಮನೆ. ಅಲ್ಲಿ ಕಾಕಾನ ಮನೆಗಿಂತಲೂ ಮೇಲೆ ಹೋಯಿತು. ಹೋಗದೇ ಏನು? ಮಾಳಿಗೆ ಸೋರುತ್ತದೆಂದು ಮಣ್ಣು ತೆಗೆಸಿ ತಗಡಿನ ಪತ್ರಾಸು ಹಾಕಿಸಿದವನು ನಾನು. ಬೈಕು ನಿಲ್ಲಿಸಲು ಜಾಗವಿಲ್ಲವೆಂದು ಅಂಗಳದ ಬೇವಿನ ಗಿಡ ಕಡಿಸಿದವನೂ ನಾನು. ಈಗ ಆ ಬೈಕಿನ ಸೀಟು ಬಿಸಿಲಿಗೆ ಎಷ್ಟು ಕಾಯುತ್ತದೆಂದರೆ, ಕೂರುವ ಮೊದಲು ಒಂದು ತಂಬಿಗೆ ನೀರು ಸುರಿಯಬೇಕು. ಆದರೂ ಚಿತ್ರದಲ್ಲಿ ನಮ್ಮ ಮನೆಗೆ ಬಂದಾಗ ಕುಂಚ ತಾನೇ ನೀಲಿಗೆ ಹೋಯಿತು.

"ನಿಮ್ಮನಿ ಯಾಕೋ ನೀಲಿ?" ಎಂದಳು ಶೈಲಕ್ಕ.

"ಕೆಂಪ ತೀರಿತಬೇ ಅಕ್ಕಾ. ನಿಮ್ಮ ಮನಿಗೇ ಪೂರಾ ಹೋತು."

ಚಿತ್ರವನ್ನು ನಮ್ಮ ಕಟ್ಟೆಯ ಮೇಲಿನ ಗೋಡೆಗೆ ತೂಗುಹಾಕಿದೆ. ಓಣಿಯವರು ಬಂದು ನೋಡುವುದು, ನಾನು ಆಯಾ ಮನೆಯವರ ದನಿಯಲ್ಲೇ ವಿವರಿಸುವುದು. ಕಾಕಾನ ಮನೆಯ ಮೇಲೆ ಬೆರಳಿಟ್ಟು ಹೊಟ್ಟೆ ಸವರಿಕೊಳ್ಳುತ್ತ "ಮಹಾಬಳೇಶ್ವರ ಐತಿ!" ಎಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಸುದ್ದಿ ಕಾಕಾನಿಗೆ ಮುಟ್ಟಿತು. ಬಂದವನು ಅಣಕಕ್ಕೆ ಸಿಟ್ಟಾಗಲಿಲ್ಲ, ಅದು ಅವನಿಗೆ ರೂಢಿಯಾಗಿತ್ತು. ಅವನ ಚಿಂತೆ ಬೇರೆ. ಮರುದಿನ ಶೈಲಕ್ಕನನ್ನು ನೋಡಲು ರಾಮದುರ್ಗದಿಂದ ಬೀಗರು ಬರುವವರಿದ್ದರು.

"ನಮ್ಮನಿ ಹಿಂಗ ಬೆಂಕಿ ಹತ್ತಿದಂಗ ತಗದಿಯಲ್ಲೋ, ಬಂದ ಮಂದಿ ಏನಂತಾರ? ಒಂದೀಟ ನೀಲಿ ಹಚ್ಚಪಾ."

ನಾನು ಎದೆಯುಬ್ಬಿಸಿ, "ಕಾಕಾ, ಕಲೆಗಾರ ಸತ್ಯ ಬದಲ ಮಾಡೂದಿಲ್ಲ" ಎಂದೆ. ನಮ್ಮವ್ವ ಒಳಗಿನಿಂದ ಕೆಮ್ಮಿದಳು. ನಾನು ಕೇಳಿಸದವನಂತೆ ನಿಂತೆ.

ಸಂಜೆ ಶೈಲಕ್ಕ ಕಟ್ಟೆಗೆ ಬಂದಳು. ವರ ಸವದತ್ತಿಯ ತರಬೇತಿಯಲ್ಲಿ ಇವಳ ಜೊತೆಗಿದ್ದ ಮಾಸ್ತರ. ಇಬ್ಬರ ಮನಸ್ಸೂ ಒಂದೇ ಎಂಬುದು ಇಡೀ ಓಣಿಗೆ ಗೊತ್ತು, ಕಾಕಾನಿಗೆ ಮಾತ್ರ ಗೊತ್ತಿಲ್ಲ. ಆದರೆ ಆ ಮನೆಯಲ್ಲಿ ವರನ ಅಜ್ಜಿ ಹೂಂ ಎನ್ನದೆ ಎಲೆಯೂ ಅಲುಗುವುದಿಲ್ಲ. "ಮಂಜ್ಯಾ, ನಾಳೆ ಒಂದಿನ ಬಾಯಿ ಮುಚ್ಚಿಗೊಂಡಿರು. ಅಜ್ಜಿ ಉಹೂಂ ಅಂದ್ರ ನನ್ನ ಕತಿ ಮುಗೀತು" ಎಂದಳು. ಅವಳ ದನಿ ನಡುಗಿತು. ಅದನ್ನು ಅಣಕಿಸಲು ನನಗೆ ಆಗಲಿಲ್ಲ. ಬಾಯಿ ಮುಚ್ಚುತ್ತೇನೆಂದು ಮಾತು ಕೊಟ್ಟೆ. ಚಿತ್ರವನ್ನು ಗೋಡೆಯಿಂದ ಇಳಿಸುತ್ತೇನೆಂದು ಮಾತ್ರ ಹೇಳಲಿಲ್ಲ. ಅವಳು ಕೇಳಲೂ ಇಲ್ಲ, ಪುಣ್ಯಾತ್ಮಳು.

ಬೀಗರು ಮಟಮಟ ಮಧ್ಯಾಹ್ನ ಬಂದರು. ಅವರ ಜೀಪು ಓಣಿಗೆ ತಿರುಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಅಜ್ಜಿ ಕಾಕಾನ ಹೊಸ್ತಿಲ ಮೇಲೆ ಒಂದು ಕಾಲಿಟ್ಟಳು. ಮಹಾಬಳೇಶ್ವರ ಆಗಲೇ ಕಾದ ತವೆಯಾಗಿತ್ತು. ಗಾಜಿನ ಕಿಟಕಿಗಳು ತೆರೆಯುವಂಥವೂ ಅಲ್ಲ. ಇಟ್ಟ ಕಾಲನ್ನು ಹಿಂದೆಗೆದು, ಸೆರಗಿನಿಂದ ಮುಖ ಒರೆಸುತ್ತ ತಿರುಗಿದಳು. ಕಣ್ಣು ನೇರ ನನ್ನ ಚಿತ್ರಕ್ಕೆ ಬಿತ್ತು.

"ಇದೇನಪಾ ತಮ್ಮಾ?"

ಕೊಟ್ಟ ಮಾತು ಮರೆತೇಹೋಯಿತು. ರಾಮದುರ್ಗದಿಂದ ಬಂದ ಹಿರಿಯರು ಕಲೆಯ ಬಗ್ಗೆ ಕೇಳುತ್ತಿದ್ದಾರೆ! "ನಮ್ಮ ಓಣಿ ಬಿಸಲ ರೀ ಅಜ್ಜಿ. ಕೆಂಪಂದ್ರ ಸುಡೂ ಮನಿ, ನೀಲಿ ಅಂದ್ರ ತಂಪ ಮನಿ."

"ಹಂಗಾರ ನೀಲಿ ಮನ್ಯಾಗ ಕುಂದರಸ್ರಿ. ಕನ್ಯಾನ್ನ ಅಲ್ಲೇ ಕರೀರಿ. ಎರಡದಾವಲ್ಲ, ಸನೇದ್ದ ಯಾವ್ದು? ನನಗ ಮೊಣಕಾಲ ನೋವು."

ಹತ್ತಿರದ್ದು ನಮ್ಮದೇ. ಇಲ್ಲವೆನ್ನಲು ನನ್ನ ಗಂಟಲಲ್ಲಿದ್ದ ಒಂದು ದನಿಯೂ ಹೊರಬರಲಿಲ್ಲ. ಕಾಕಾ ನನ್ನನ್ನು ನೋಡಿದ ನೋಟಕ್ಕೆ ಆ ಗನ್ನು ಹಿಡಿದಿದ್ದರೆ ಒಡೆದೇಹೋಗುತ್ತಿತ್ತು. ಬೀಗರೆಲ್ಲ ನಮ್ಮ ಪಡಸಾಲೆಯಲ್ಲಿ ಕೂತರು. ಮೇಲೆ ಪತ್ರಾಸು ಟಣ್ ಟಣ್ ಎಂದು ಹಿಗ್ಗುತ್ತಿತ್ತು. ವರನ ಅಂಗಿ ಬೆನ್ನಿಗೆ ಅಂಟಿತು, ಅವನಪ್ಪನ ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಮೀಸೆಗೆ ಬಂತು. ಶೈಲಕ್ಕ ಅವಲಕ್ಕಿಯ ತಾಟು ಹಿಡಿದು, ರೀತಿಯಂತೆ ತಲೆ ಬಗ್ಗಿಸಿ ಬಂದು ಕೂತಳು. ಅಜ್ಜಿ "ಹೆಸರೇನವಾ?" ಎಂದು ಕೇಳಿದವಳು ಉತ್ತರಕ್ಕೂ ಕಾಯದೆ ಗೋಡೆಗೆ ಒರಗಿದಳು, ಅದೂ ಬೆನ್ನು ಸುಟ್ಟಾಗ ಥಟ್ಟನೆ ಮುಂದೆ ಬಂದಳು.

"ಮನಿ ತೋರಸೂದ್ರಾಗ ಇಷ್ಟ ಸುಳ್ಳ ಹೇಳೂ ಮಂದಿ, ಹುಡುಗಿ ವಿಷಯದಾಗ ಎಷ್ಟ ಹೇಳ್ಯಾರೋ! ಏಳ್ರಿ, ಹೋಗೂಣು."

ಕಾಕಾನ ಮುಖ ಬೂದಿಯಾಯಿತು. ವರ ಬಾಯಿ ತೆರೆದ, ಮುಚ್ಚಿದ. ನಾನು ಬಾಗಿಲ ಸಂದಿಯಲ್ಲಿ ಸಣ್ಣಗಾದೆ. ಆಗ ಶೈಲಕ್ಕ ತಲೆಯೆತ್ತಿದಳು. ನೋಡಲು ಬಂದವರ ಮುಂದೆ ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ನಮ್ಮಲ್ಲಿಯ ಪದ್ಧತಿ. ಅವಳು ತಾಟು ಬದಿಗಿಟ್ಟಳು.

"ಸುಳ್ಳ ನಮ್ಮದಲ್ಲರಿ ಅಜ್ಜಿ, ಇವಂದು. ಎಲ್ಲಾರ ಮನಿ ಖರೇನ ಬರದ, ತಮ್ಮ ಮನಿ ಬಂದಾಗ ಕೆಂಪ ತೀರಿತಂತ. ನಮ್ಮನಿ ಸುಡತೈತಿ, ಅದು ಖರೇ. ಗಂಗವ್ವಾಯಿ ಮನಿ ಮುಂದ ಬೇವಿನ ಗಿಡ ಐತಿ, ಅದೂ ಖರೇ. ಏಳ್ರಿ, ನನ್ನ ಕೈ ಹಿಡೀರಿ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ ಕೈ ಚಾಚಿದಳು. ಮೊಣಕಾಲು ನೋವಿನವಳು ಓಣಿಯ ತುದಿಯವರೆಗೆ ಎಲ್ಲಿಯೂ ನಿಲ್ಲದೆ ನಡೆದಳು. ನಮ್ಮ ಮನೆಯ ಶಾಖ ಅಷ್ಟರಮಟ್ಟಿಗೆ ಔಷಧ. ಬೇವಿನ ನೆರಳಲ್ಲಿ ಗಂಗವ್ವಾಯಿ ಕೂರಲು ಹಗ್ಗದ ಹೊರಸು ಹಾಕಿದಳು, ಗಡಿಗೆಯ ನೀರು ಕೊಟ್ಟಳು. ಎರಡು ತಂಬಿಗೆ ಕುಡಿದು ಅಜ್ಜಿ ತೀರ್ಪು ಕೊಟ್ಟಳು: "ಹುಡುಗಿಗೆ ಬಾಯಿ ಐತಿ. ನಮ್ಮ ಹುಡುಗಗ ಇಲ್ಲ. ಜೋಡಿ ಬರೋಬ್ಬರಿ ಆತು." ಕಾಕಾ ಅಲ್ಲೇ ಬೇವಿನ ಬೇರಿನ ಮೇಲೆ ಕುಸಿದು ಕೂತ. ಶೈಲಕ್ಕ ಮತ್ತೆ ತಲೆ ಬಗ್ಗಿಸಿದಳು, ಈ ಸಲ ನಗು ಮುಚ್ಚಿಕೊಳ್ಳಲು.

ಇಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಆದರೆ ಮಾನ ಹೋದ ಕಲೆಗಾರ ಸುಮ್ಮನಿರುವುದುಂಟೇ? ಗೋಡೆಯ ಮೇಲಿನ ಚಿತ್ರ ಕಿತ್ತು ಬಗಲಲ್ಲಿ ಹಿಡಿದುಕೊಂಡು ಗಿಡದ ಕೆಳಗೆ ಹೋದೆ. ಗಂಟಲು ಸರಿಪಡಿಸಿ, ಧಾರವಾಡದ ಗಡ್ಡದ ಸರ್ ದನಿಯಲ್ಲೇ ಶುರುಮಾಡಿದೆ: "ಹಂಗಲ್ಲರಿ ಅಜ್ಜಿ. ಕಲೆ ಅಂದ್ರ ಇದ್ದದ್ದನ್ನ ಇದ್ದಂಗ ತೋರಸೂದಲ್ಲ. ಕಲೆಗಾರಗ ಏನ ಅನಸತೈತಿ, ಅದನ್ನ ತೋರಸೂದು. ನನಗ ನಮ್ಮ ಮನಿ ತಂಪ ಅನಸತೈತಿ."

ಅಜ್ಜಿ ಪೂರ್ತಿ ಕೇಳಿ, ರಟ್ಟಿನತ್ತ ಕೈ ಚಾಚಿದಳು.

"ಹೌದೇನಪಾ? ಹಂಗಾರ ನೀ ಒಳಗ ಹೋಗಿ ತಂಪ ಅನಿಸ್ಕೋಂತ ಕುಂದ್ರು. ಅದನ್ನಿತ್ತ ಕೊಡು, ನಾವು ಗಾಳಿ ಬೀಸ್ಕೋತೇವಿ."