ಸೋಮವಾರ ಹೊರಡುವ ನೆಂಟರು

ಬಾಡಿಗೆ ಮನೆ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಕೊಪ್ಪದಲ್ಲೇ ಇಲ್ಲವೆಂದು ನಂಬಿದ್ದೆ. ಮೂವತ್ತು ವರ್ಷ ಬಸ್ ಏಜೆಂಟನಾಗಿ, ಕಾಲಿಡಲು ತೆರಪಿಲ್ಲದ ಬಸ್ಸಿನಲ್ಲೂ ಜನರಿಗೆ ಜಾಗ ಮಾಡಿಕೊಟ್ಟವನು ನಾನು!

ಹಾಗಾಗಿ, ನಾವಿದ್ದ ಮನೆ ಕೆಡವಿ ಅಂಗಡಿ ಕಟ್ಟುತ್ತೇವೆಂದು ಅದರ ಓನರ್ ಹೇಳಿದಾಗ ನಾನು ಹೆದರಲಿಲ್ಲ. ಮೂರು ತಿಂಗಳು ಅಲೆದೆ. ಶೃಂಗೇರಿಯಲ್ಲಿ ಕೇಳಿದ ಮನೆಗಳೆಲ್ಲ ಯಾತ್ರಿಕರ ರೂಮುಗಳಾಗಿದ್ದವು. ಜಯಪುರದಲ್ಲಿ ಸಿಕ್ಕಿದ ಮನೆಯ ಬಚ್ಚಲಿಗೆ ಹದಿನೆಂಟು ಮೆಟ್ಟಿಲು ಇಳಿಯಬೇಕು. ಎಂಬತ್ತೈದರ ಅಮ್ಮ ಇಳಿದಾಳು, ಹತ್ತಲಾರಳು. ಕೊನೆಗೆ ಕೊಪ್ಪದಲ್ಲೇ, ನಮ್ಮ ಕೈಗೆಟಕುವ ಬಾಡಿಗೆಗೆ, ಒಂದು ಕೋಣೆ, ಒಂದು ಅಡುಗೆಮನೆ ಸಿಕ್ಕಿತು.

"ನೀರು ಕಮ್ಮಿ. ಎಷ್ಟು ಜನ?" ಎಂದರು ಓನರ್ ರಾಮಣ್ಣ.

"ನಾನು, ನನ್ನ ಹೆಂಡ್ತಿ. ಇಬ್ರೇ," ಎಂದೆ.

ಅಮ್ಮನನ್ನು ಸಾಮಾನಿನ ಜೊತೆ ಕರೆತಂದೆ. ಮರುದಿನ ಬಾಗಿಲಲ್ಲಿ ನಿಂತ ರಾಮಣ್ಣ, ಇವರು ಯಾರೆಂದು ಕೇಳಿದರು. "ನೆಂಟ್ರು. ಸೋಮವಾರ ಹೊರಡ್ತಾರೆ." ಅಮ್ಮನಿಗೆ ಕಿವಿ ಮಂದವೆಂದು ನನ್ನ ಧೈರ್ಯ. ಅಷ್ಟು ಮಂದವಿರಲಿಲ್ಲ.

ಅಂದಿನಿಂದ ಅಮ್ಮ ನೆಂಟಳಾದಳು. ರಾಮಣ್ಣನ ಚಪ್ಪಲಿ ಸದ್ದಾದರೆ ಸಾಕು, ಬಟ್ಟೆಯ ಚೀಲ ಮಡಿಲಲ್ಲಿಟ್ಟು ಹೊರಟವಳಂತೆ ಕೂರುವಳು. ಎರಡನೇ ಲೋಟ ಕಾಫಿ ಬೇಡವೆನ್ನುವಳು. ನನ್ನ ಹೆಂಡತಿ ಸಾವಿತ್ರಿಯನ್ನು ಕೇಳಿಯೇ ಸ್ನಾನಕ್ಕೆ ಹೋಗುವಳು. ಎಂಥ ಅಭಿನಯವೆಂದು ನಾನು ಹೊಗಳಿದೆ ಬೇರೆ!

"ನಿಮ್ಗೆ ಅದು ನಾಟಕದ ಹಾಗೆ ಕಾಣ್ತದಾ?" ಎಂದಳು ಸಾವಿತ್ರಿ.

ಮೊದಲ ಸೋಮವಾರ, ನೆಂಟರಿಗೆ ಮಂಡಿ ನೋವೆಂದು ರಾಮಣ್ಣನಿಗೆ ಹೇಳಿದೆ. ಎರಡನೆಯದಕ್ಕೆ ಅಮಾವಾಸ್ಯೆ. ಮೂರನೆಯದಕ್ಕೆ ಬಸ್ಸೇ ಇಲ್ಲವೆಂದೆ. ಹೇಳಿದವನು ಬಸ್ ಏಜೆಂಟ!

ನಾಲ್ಕನೇ ಸೋಮವಾರ ನಾವಿಬ್ಬರೂ ರೇಷನ್ ತರಲು ಹೋಗಿದ್ದೆವು. ಬಂದು ನೋಡಿದರೆ ಅಮ್ಮನಿಲ್ಲ, ಚೀಲವಿಲ್ಲ. ನರಸಿಂಹರಾಜಪುರದಿಂದ ತಂಗಿಯ ಫೋನ್ ಬಂತು. ಅಮ್ಮ ಅಲ್ಲಿಗೆ ತಲುಪಿದ್ದಳು. ಕಂಡಕ್ಟರ್ ಕೈಹಿಡಿದು ಹತ್ತಿಸಿ, ಮುಂದಿನ ಸೀಟು ಕೊಟ್ಟನಂತೆ. ತಂಗಿಯದು ಎರಡು ಕೋಣೆಯ ಮನೆ. ಆಗಲೇ ಆರು ಜನ.

ರಾಮಣ್ಣನ ಮುಂದೆ ನಿಜ ಒಪ್ಪಿಕೊಂಡೆ. ಅವರು ತಲೆ ತಗ್ಗಿಸಿದರು. "ನೀರು ಕಮ್ಮಿ ಅಂದೆ ಅಷ್ಟೆ. ನಿಮ್ಮ ಅಮ್ಮ ಅಂದಿದ್ರೆ ಬೇಡ ಅಂತಿದ್ನಾ ಮಾರಾಯ್ರೇ?"

ಬೇಡ ಅನ್ನುತ್ತಿದ್ದರೋ ಇಲ್ಲವೋ, ನನಗೆ ಇನ್ನು ತಿಳಿಯುವಂತಿಲ್ಲ. ನಾನು ಕೇಳಿಯೇ ಇರಲಿಲ್ಲ.

ತಂಗಿಯ ಮನೆಯಲ್ಲಿ ಅಮ್ಮ ಮಂಚಕ್ಕೂ ಗೋಡೆಗೂ ನಡುವೆ ಚಾಪೆ ಹಾಸಿಕೊಂಡು ಕೂತಿದ್ದಳು. ಓನರಿಗೆ ಎಲ್ಲ ಹೇಳಿದ್ದೇನೆ, ಮನೆಗೆ ಹೋಗೋಣವೆಂದೆ.

"ಬತ್ತೆ ಮಾರಾಯ. ಎಷ್ಟು ದಿನಕ್ಕೆ?"

ನಾನು ಗಡಿಬಿಡಿಯಲ್ಲಿ, "ನೀ ಇರೋ ತನಕ ಅಮ್ಮ," ಎಂದುಬಿಟ್ಟೆ. ಎಂಥ ಮಾತು! ತಂಗಿ ಹಣೆ ಚಚ್ಚಿಕೊಂಡಳು.

ಅಮ್ಮ ಒಂದು ತಿಂಗಳಲ್ಲಿ ಮೊದಲ ಸಲ ನಕ್ಕಳು. "ಹಾಗಾದ್ರೆ ಜಾಸ್ತಿ ದಿನ ಆಗ್ಲಿಕ್ಕಿಲ್ಲ. ರಾಮಣ್ಣಂಗೆ ಹೇಳ್ಬಿಡು."

ಎದ್ದಳು. ಚೀಲ ಹಿಡಿದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.