ಮಾನ್ಯ ಕಂಬಳಿಗಳ ಗಮನಕ್ಕೆ

ಮನುಷ್ಯನ ಆಸನಭಾಗದ ಅಗಲ ಹದಿನೆಂಟು ಅಂಗುಲ ಎಂಬುದು ಇಂಡಿಯಾನಾದ ಬ್ರಾಕ್ಸ್‌ಬರ್ಗ್ ಪಟ್ಟಣದಲ್ಲಿ ಸರ್ವಾನುಮತದಿಂದ ಅಂಗೀಕೃತವಾದ ಸತ್ಯ. ಅಲ್ಲಿನ ಪ್ರೌಢಶಾಲೆಯ ಮೈದಾನದ ಗ್ಯಾಲರಿಯಲ್ಲಿ, ಅಲ್ಯೂಮಿನಿಯಂ ಬೆಂಚುಗಳ ಮೇಲೆ ಅಷ್ಟಷ್ಟು ದೂರಕ್ಕೆ ಗೆರೆ ಎಳೆದು ನಂಬರು ಬರೆಯಲಾಗಿದೆ. ಇದಕ್ಕಿಂತ ಅಗಲವಾದ ಆಸನಭಾಗಗಳು ಪಟ್ಟಣದಲ್ಲಿ ಕಂಡುಬಂದಿರುವುದು ನಿಜವಾದರೂ ಅವನ್ನು ಅಧಿಕೃತವಾಗಿ ಪರಿಗಣಿಸಿಲ್ಲ.

ಪ್ರತಿ ಜುಲೈಯಲ್ಲಿ ಈ ಮೈದಾನದಲ್ಲಿ ಡ್ರಮ್ ಕೋರ್ ಸ್ಪರ್ಧೆ ನಡೆಯುತ್ತದೆ. ಇಪ್ಪತ್ತೆರಡು ತುಂಬದ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು, ನಗಾರಿ ಕಹಳೆ ಬಾವುಟ ಹೊತ್ತು, ಬೇಸಿಗೆ ಪೂರ್ತಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಊರೂರು ಸುತ್ತುತ್ತಾರೆ. ಮೈದಾನಕ್ಕಿಳಿದರೆ ಓಡುತ್ತಲೇ ನುಡಿಸುತ್ತಾರೆ, ಹಿಮ್ಮುಖವಾಗಿ ನಡೆಯುತ್ತಲೂ ನುಡಿಸುತ್ತಾರೆ. ನೂರೈವತ್ತು ಮಂದಿಯಲ್ಲಿ ಒಬ್ಬರ ಹೆಜ್ಜೆಯೂ ತಪ್ಪುವುದಿಲ್ಲ. ಅವರನ್ನು ನೋಡಲು ಬರುವವರ ವಿಷಯ ಬೇರೆ.

ವರ್ನಾ ಸ್ಟುಟ್ಸ್‌ಮನ್ ಎಂಬ ವಿಧವೆ ಈ ಗ್ಯಾಲರಿಯ ಹಳೆಯ ಪ್ರೇಕ್ಷಕಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಆಕೆಯ ಮೊಮ್ಮಗಳು ಮಾರ್ನಿ 'ಪ್ರೇರಿ ಲ್ಯಾಂಟರ್ನ್ಸ್' ತಂಡದಲ್ಲಿ ಟ್ಯೂಬಾ ನುಡಿಸುತ್ತಿದ್ದಳು. ಟ್ಯೂಬಾ ಎಂದರೆ ಹೆಗಲ ಮೇಲೆ ಹೊರಬೇಕಾದ, ಹೊತ್ತವರ ಮುಖ ಅರ್ಧ ಮರೆಯಾಗುವಷ್ಟು ದೊಡ್ಡ ಕಹಳೆ. ಅದನ್ನು ಹೊತ್ತವರಿಗೆ ಒಂಟಿಯಾಗಿ ನುಡಿಸುವ ಅವಕಾಶ ಸಾಮಾನ್ಯವಾಗಿ ಕೊಡುವುದಿಲ್ಲ. ಮಾರ್ನಿಗೆ ಕೊಟ್ಟರು. ವರ್ನಾ ಸಲೂನಿಗೆ ಹೋಗಿ ತಲೆಗೂದಲು ಸುರುಳಿ ಮಾಡಿಸಿಕೊಂಡು, ಮಧ್ಯಾಹ್ನವೇ ಬಂದು ತನ್ನ ಹದಿನೆಂಟು ಅಂಗುಲದಲ್ಲಿ ಕೂತಳು.

ಅವಳ ಮುಂದಿನ ಸಾಲು ಪೂರ್ತಿ ಡ್ವೇನ್ ಹೊಲಿಸ್ಟರ್ ಎಂಬವನ ವಶದಲ್ಲಿತ್ತು. ಡ್ವೇನ್ ಈಜುಕೊಳ ತೊಳೆಯುವ ಗುತ್ತಿಗೆದಾರ. ಬರಲಿರುವ ನೆಂಟರಿಗೆಂದು ಈ ತುದಿಯಿಂದ ಆ ತುದಿಯವರೆಗೆ ಕಂಬಳಿ ಹಾಸಿಟ್ಟಿದ್ದ. ನೆಂಟರು ಬರಲಿಲ್ಲ. ಸರಿಯಾಗಿ ಮಾರ್ನಿ ಮುಂದೆ ಬಂದು ಟ್ಯೂಬಾ ಎತ್ತಿದಾಗ ಡ್ವೇನ್ ಎದ್ದು ನಿಂತು ಫೋನಿನಲ್ಲಿ ವಿಡಿಯೋ ಮಾಡತೊಡಗಿದ.

"ಏನಪ್ಪಾ, ಕೂತ್ಕೋ! ನನ್ ಮೊಮ್ಮಗಳು ಕಾಣ್ತಿಲ್ಲ!" ಎಂದಳು ವರ್ನಾ.

"ಕಾಣ್ತಿಲ್ಲ ಅಂದ್ರೆ ನೀವೂ ನಿಂತ್ಕೊಳ್ಳಿ ಅಜ್ಜಿ. ಬೇಡ ಅಂದೋರ್ಯಾರು?"

ವರ್ನಾ ನಿಂತಳು. ಅವಳ ಹಿಂದಿನವರಿಗೆ ಕಾಣದೆ ಅವರೂ ನಿಂತರು. ಹೀಗೆ ಮೇಲಿನ ಸಾಲಿನವರೆಗೆ ಎಲ್ಲರೂ ನಿಂತು, ಕೂತಾಗ ಎಷ್ಟು ಕಾಣುತ್ತಿತ್ತೋ ಅಷ್ಟೇ ಕಾಣುವ ಸ್ಥಿತಿಗೆ ಬಂದರು. ಯಾರದೋ ಮೊಣಕಾಲು ಯಾರದೋ ಬೆನ್ನಿಗೆ ತಾಗಿತು. ಯಾರದೋ ನಿಂಬೆಹಣ್ಣಿನ ಶರಬತ್ತು ವರ್ನಾಳ ಹೊಸ ಕೂದಲಿನ ಮೇಲೆ ಬಿತ್ತು. ಪಕ್ಕದ ವೃದ್ಧರೊಬ್ಬರು ತಮ್ಮ ಕಾಲದಲ್ಲಿ ಕಹಳೆಗಳು ಎಷ್ಟು ಚೆನ್ನಾಗಿದ್ದವು ಎಂಬುದನ್ನು ಕಹಳೆಗಿಂತ ಜೋರಾಗಿ ವಿವರಿಸುತ್ತಿದ್ದರು. ಅಷ್ಟರಲ್ಲಿ ಮಾರ್ನಿಯ ನುಡಿಸಾಣಿಕೆ ಮುಗಿದುಹೋಯಿತು.

ವರ್ನಾ ಮೈದಾನದ ಆಡಳಿತಕ್ಕೆ ಒಂದೇ ಸಾಲಿನ ದೂರು ಬರೆದುಕೊಟ್ಟಳು: ಮುಂದಿನವರು ಕೂತುಕೊಳ್ಳಲಿ.

ಇಷ್ಟು ಸರಳವಾದ ಬೇಡಿಕೆಯನ್ನು ಹಾಗೆಯೇ ಈಡೇರಿಸುವುದು ಆಡಳಿತದ ಘನತೆಗೆ ತಕ್ಕುದಲ್ಲವಾದ್ದರಿಂದ 'ಆಸನ ಸೌಜನ್ಯ ಸಮಿತಿ' ರಚಿಸಲಾಯಿತು. ದಂತವೈದ್ಯ ಲೋವೆಲ್ ಪ್ರೂಯಿಟ್ ಅಧ್ಯಕ್ಷರಾದರು. ಟೋಪಿ ಧರಿಸುವವರು, ಬೆನ್ನೊರಗಿನ ದಿಂಬು ತರುವವರು, ಪ್ರದರ್ಶನದ ನಡುವೆಯೇ ಶೌಚಾಲಯಕ್ಕೆ ಹೋಗುವವರು, ಎಲ್ಲರಿಗೂ ಪ್ರಾತಿನಿಧ್ಯ ನೀಡಲಾಯಿತು. ಕೂತು ನೋಡುವವರ ಪ್ರತಿನಿಧಿಯ ಸ್ಥಾನ ಮಾತ್ರ ಅರ್ಜಿಗಳು ಬಾರದ ಕಾರಣ ಖಾಲಿ ಉಳಿಯಿತು. ಅರ್ಜಿ ಕರೆದಿರಲಿಲ್ಲ.

ಊರಿನ ಗ್ರಂಥಾಲಯದಲ್ಲಿ ವಿಚಾರಣೆ ನಡೆಯಿತು. ಡ್ವೇನ್ ಧೈರ್ಯವಾಗಿ ಎದ್ದು ನಿಂತ. ಎದ್ದು ನಿಲ್ಲುವುದು ಅವನಿಗೆ ಅಭ್ಯಾಸವಾಗಿತ್ತು.

"ಡಾಕ್ಟ್ರೇ, ನನ್ ಮೇಲೆ ದೂರಿದೆ, ಒಪ್ಕೊಂಡೆ. ನನ್ ಕಂಬಳಿ ಮೇಲೆ ಯಾರಾದ್ರೂ ದೂರು ಕೊಟ್ಟಿದ್ದಾರಾ?"

ಪ್ರೂಯಿಟ್ ಕಾಗದಗಳನ್ನು ಹಿಂದೆಮುಂದೆ ತಿರುವಿದರು. "ಇಲ್ಲ."

"ಅದು ಎದ್ದು ನಿಂತಿತ್ತಾ? ಫೋನ್ ಎತ್ತಿ ಹಿಡಿದಿತ್ತಾ? ಹಿಂದಿನೋರ ತಲೆ ಮೇಲೆ ಶರಬತ್ತು ಸುರೀತಾ?"

"ಇಲ್ಲ."

"ನಮ್ ಕಾಲ್ದಲ್ಲಿ ಹೀಗಿರ್ಲಿಲ್ಲ ಅಂತ ಕೊರೀತಾ?"

ಎಲ್ಲರೂ ಆ ವೃದ್ಧರ ಕಡೆ ನೋಡಿದರು. ವೃದ್ಧರು ತಮ್ಮ ಕಾಲದಲ್ಲಿ ಸಭೆಗಳು ಹೀಗಿರಲಿಲ್ಲ ಎಂದರು.

"ಅಯ್ಯೋ, ಕಂಬಳೀನ ಯಾಕ್ರೀ ಎಳೀತೀರಾ?" ಎಂದು ವರ್ನಾ ಕೂಗಿಕೊಂಡಳು. "ಇವ್ನು ಕೂತ್ಕೊಂಡ್ರೆ ಮುಗೀತು!"

ಆದರೆ ಪ್ರೂಯಿಟ್‌ರ ಮುಖದಲ್ಲಿ ಆಗಲೇ ಬೆಳಕು ಮೂಡಿತ್ತು. ಮರುವಾರ ಈ ಕೆಳಕಂಡ ಪ್ರಕಟಣೆ ಹೊರಬಿತ್ತು.

"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸಮಿತಿಯು ಕೂಲಂಕಷವಾಗಿ ಪರಿಶೀಲಿಸಲಾಗಿ, ಗ್ಯಾಲರಿಯಲ್ಲಿ ಇದುವರೆಗೆ ಉಂಟಾದ ಸಮಸ್ತ ಅಸೌಜನ್ಯಕ್ಕೂ ಪ್ರೇಕ್ಷಕರೇ ಕಾರಣರೆಂದೂ, ಯಾವುದೇ ಕಂಬಳಿಯ ನಡತೆಯಲ್ಲಿ ದೋಷವಿಲ್ಲವೆಂದೂ ಕಂಡುಬಂದಿರುತ್ತದೆ. ಆದ ಕಾರಣ ಇನ್ನು ಮುಂದೆ ಗ್ಯಾಲರಿಯ ಆಸನಗಳನ್ನು ಕಂಬಳಿಗಳಿಗೆ ಮಾತ್ರ ನೀಡತಕ್ಕದ್ದು. ಕಂಬಳಿಯ ಮಾಲೀಕರು ಸಂಜೆ ಐದರೊಳಗೆ ಸದರಿಯವುಗಳನ್ನು ಆಸನದಲ್ಲಿ ಕೂರಿಸಿ ನಿರ್ಗಮಿಸತಕ್ಕದ್ದು. ಮಡಚಿಟ್ಟ ಕಂಬಳಿಯನ್ನು ಗೈರುಹಾಜರಿ ಎಂದು ಭಾವಿಸಲಾಗುವುದು."

ನೋಂದಾಯಿತ ಕಂಬಳಿಗಳಿಗೆ ಮಾತ್ರ ಪ್ರವೇಶವಿತ್ತು. ನೋಂದಾಯಿತ ಕಂಬಳಿಗಳು ಪ್ರೂಯಿಟ್‌ರ ಭಾವಮೈದುನನ ಅಂಗಡಿಯಲ್ಲಿ ಮಾತ್ರ ಸಿಗುತ್ತಿದ್ದವು. ಇದು ಕಾಕತಾಳೀಯವೆಂದು ಸಮಿತಿಯು ನಿರ್ಣಯ ಮಾಡಿತು. ಹಳೆಯ ಕಂಬಳಿ ಇದ್ದವರು ಅದಕ್ಕೆ ಅದೇ ಅಂಗಡಿಯ ಮೊಹರಿನ ಪಟ್ಟಿ ಹೊಲಿಸಿಕೊಳ್ಳಬಹುದಿತ್ತು. ಅದಕ್ಕೆ ತಗಲುವ ಖರ್ಚು ಹೊಸ ಕಂಬಳಿಗಿಂತ ತುಸು ಜಾಸ್ತಿ.

ಮರುವರ್ಷದ ಸ್ಪರ್ಧೆಗೆ ವಾರವಿದ್ದಾಗ ಮಾರ್ನಿ ಫೋನ್ ಮಾಡಿದಳು. ಹಿಂದೆ ಬಸ್ಸಿನ ಗದ್ದಲ ಕೇಳುತ್ತಿತ್ತು.

"ಅಜ್ಜಿ, ಈ ಸಲಾನೂ ಒಂಟಿ ಭಾಗ ನಂಗೇ ಕೊಟ್ಟಿದ್ದಾರೆ. ಬರ್ತೀಯ ತಾನೆ?"

"ಬರ್ದೆ ಇರ್ತೀನಾ ಪುಟ್ಟಿ?"

"ಇದೇ ಕೊನೇದು ಅಜ್ಜಿ. ಮುಂದಿನ್ ವರ್ಷ ನನ್ ವಯಸ್ಸು ದಾಟುತ್ತೆ, ತಂಡದಲ್ಲಿ ಇಟ್ಕೊಳಲ್ಲ. ಹೋದ್ಸಲ ನೀನು ನೋಡ್ದೆ ಅಂತ ಸುಳ್ಳು ಹೇಳ್ದೆ ಅಲ್ವಾ? ನಿನ್ ಕೂದ್ಲೆಲ್ಲ ಶರಬತ್ತಾಗಿತ್ತು, ನಂಗೆ ಗೊತ್ತಾಯ್ತು."

ಫೋನಿಟ್ಟ ಮೇಲೆ ವರ್ನಾ ಕಾರು ತೆಗೆದುಕೊಂಡು ನೇರವಾಗಿ ಪ್ರೂಯಿಟ್‌ರ ದವಾಖಾನೆಗೆ ಹೋದಳು. ಅವರು ಒಬ್ಬರ ಬಾಯಿಯಲ್ಲಿ ಕೈಯಿಟ್ಟುಕೊಂಡೇ ಬರಮಾಡಿಕೊಂಡರು.

"ಬನ್ನಿ ಬನ್ನಿ! ನಿಮ್ಮ ಒಂದು ದೂರಿನಿಂದ ಎಂಥ ಸುಧಾರಣೆ ಆಯ್ತು ನೋಡಿ."

"ಡಾಕ್ಟ್ರೇ, ನನ್ನ ಮೊಮ್ಮಗಳನ್ನ ನೋಡೋರು ಯಾರು?"

"ನಿಮ್ಮ ಕಂಬಳಿ ನೋಡುತ್ತೆ."

"ಕಂಬಳಿಗೆ ಕಣ್ಣಿದೆಯೇನ್ರೀ?"

"ನಿಮ್ಮಂಥೋರ ಹತ್ರ ಇದೇ ತೊಂದ್ರೆ ನೋಡಿ," ಎಂದರು ಪ್ರೂಯಿಟ್ ನೊಂದ ದನಿಯಲ್ಲಿ. "ಕೂರೋಕೆ ಜಾಗ ಕೊಟ್ರೆ ಕಾಣಬೇಕು ಅಂತೀರಿ. ನಮ್ಮದು ಆಸನ ಸಮಿತಿ. ಕಾಣೋ ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲ."

ಬಾಯಿ ತೆರೆದು ಕೂತಿದ್ದ ರೋಗಿ ಗಂಟಲಲ್ಲೇ ಏನೋ ಅಂದ. ಅದನ್ನು ಒಪ್ಪಿಗೆ ಎಂದು ಭಾವಿಸಲಾಯಿತು.

ವರ್ನಾಳ ಮನೆಯಲ್ಲಿ ಅವಳೇ ಹೆಣೆದ ಉಣ್ಣೆಯ ಕಂಬಳಿಯೊಂದಿತ್ತು. ಬಣ್ಣಬಣ್ಣದ ಚೌಕಗಳನ್ನು ಕೂಡಿಸಿ ಮಾಡಿದ್ದು; ಮೈತುಂಬ ತೂತು. ಕಣ್ಣಿದ್ದ ಕಂಬಳಿ ಊರಿನಲ್ಲಿ ಅದೊಂದೇ. ಅದಕ್ಕೆ ಮೊಹರಿನ ಪಟ್ಟಿ ಹೊಲಿಸಿದಳು.

ಸ್ಪರ್ಧೆಯ ದಿನ ಗ್ಯಾಲರಿಯ ತಗಡು ಬಿಸಿಲಿಗೆ ಕಾದು ಕೂತಿತ್ತು. ಸಂಜೆ ಐದಕ್ಕೆ ಸ್ವಯಂಸೇವಕರು ಸೀಟಿ ಊದಿ "ಮನುಷ್ಯರೆಲ್ಲ ಹೊರಗೆ!" ಎಂದು ಕೂಗುತ್ತ ಬಂದಾಗ, ವರ್ನಾ ತನ್ನ ಸೀಟಿನಲ್ಲೇ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಅಲ್ಲಾಡದೆ ಕೂತಳು. ಜೀವಮಾನವೆಲ್ಲ ಬಸ್ಸು ಓಡಿಸಿದವಳಿಗೆ ಸೀಟಿನಿಂದ ಏಳದೆ ಇರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸ್ವಯಂಸೇವಕನೊಬ್ಬ ಹತ್ತಿರ ಬಂದು ಪಟ್ಟಿ ನೋಡಿದ. ಕಂಬಳಿಗೆ ಬೆವರುವ ಮೂಗು ಇದ್ದದ್ದೂ ಅವನ ಕಣ್ಣಿಗೆ ಬಿದ್ದಿರಬೇಕು. ಪಟ್ಟಿ ಸರಿಯಾಗಿದ್ದರಿಂದ ಮುಂದೆ ಹೋದ.

ಗ್ಯಾಲರಿ ತುಂಬ ಕಂಬಳಿಗಳು. ಒಂದೂ ಮಾತಾಡಲಿಲ್ಲ. ಪ್ರೂಯಿಟ್ ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡರು.

"ಮಾನ್ಯ ಕಂಬಳಿಗಳೇ! ಇಂಥ ಸಭ್ಯ ಸಭಿಕರನ್ನು ನಾನು ಹಿಂದೆಂದೂ ಕಂಡಿಲ್ಲ."

ಒಂದೊಂದೇ ತಂಡ ಬಂದು ನುಡಿಸಿ ಹೋಯಿತು. ಚಪ್ಪಾಳೆಯಿಲ್ಲ, ಸಿಳ್ಳೆಯಿಲ್ಲ. ಬೆವರಿಳಿಸಿ ಕುಣಿದ ಮಕ್ಕಳು ಕಂಬಳಿಗಳಿಗೆ ವಂದಿಸಿ ಪೆಚ್ಚುಮೋರೆಯಲ್ಲಿ ಹಿಂದಿರುಗಿದರು. ಹೊತ್ತು ಮುಳುಗುವಾಗ ಪ್ರೇರಿ ಲ್ಯಾಂಟರ್ನ್ಸ್ ಇಳಿಯಿತು. ನಗಾರಿಗಳ ಗುಡುಗು ಬೆಂಚಿನೊಳಗಿಂದ ಹಾದು ವರ್ನಾಳ ಎದೆಗೆ ಬಂತು. ಮಾರ್ನಿ ಸಾಲಿನಿಂದ ಹೊರಬಂದು, ಕಾಲೂರಿ, ಟ್ಯೂಬಾ ಎತ್ತಿದಳು.

ಆಗ ಮುಂದಿನ ಸಾಲಿನ ಕಂಬಳಿ ಎದ್ದು ನಿಂತಿತು. ಅದರ ಸಂದಿಯಿಂದ ಫೋನೊಂದು ಹೊರಬಂತು.

ವರ್ನಾ ನಿಯಮ ಮರೆತಳು. ಓಡುವ ಬಸ್ಸಿನಲ್ಲಿ ಹಿಂದಿನ ಸೀಟಿನ ಪೋಕರಿಗಳನ್ನು ಕನ್ನಡಿಯಲ್ಲೇ ನೋಡಿ ಗದರಿಸುತ್ತಿದ್ದ ದನಿ ತಾನಾಗಿ ಹೊರಟಿತು.

"ಡ್ವೇನ್! ಕೂತ್ಕೋ!"

ಕಂಬಳಿ ಕುಸಿದು ಕೂತಿತು. ಅದೊಂದೇ ಅಲ್ಲ. ಗ್ಯಾಲರಿಯ ಅಷ್ಟೂ ಕಂಬಳಿಗಳು ಗಾಬರಿಯಿಂದ ಬೆನ್ನು ನೆಟ್ಟಗೆ ಮಾಡಿಕೊಂಡವು. ಅರ್ಧ ಊರು ಚಿಕ್ಕಂದಿನಲ್ಲಿ ಅವಳ ಬಸ್ಸಿನಲ್ಲೇ ಓಡಾಡಿದ್ದು.

ಮಾರ್ನಿ ನುಡಿಸಿದಳು. ಅಷ್ಟು ಭಾರದ ಲೋಹದಿಂದ ಅಷ್ಟು ಮೆತ್ತನೆಯ ಸ್ವರ ಬರುತ್ತದೆಂದು ವರ್ನಾಳಿಗೆ ತಿಳಿದಿರಲಿಲ್ಲ. ಅದುವರೆಗೆ ಬರೇ ಮನೆಯ ಮಹಡಿಯಿಂದ ಬರುವ ಮೊಮ್ಮಗಳ ಅಭ್ಯಾಸದ ಸದ್ದು ಕೇಳಿ ಬೈದಿದ್ದಳು ಅಷ್ಟೇ. ಉಣ್ಣೆಯ ತೂತಿನಿಂದ ಮೊಮ್ಮಗಳ ಕೆಂಪಾದ ಕೆನ್ನೆ, ಉಸಿರೆಳೆಯುವಾಗ ಏರುವ ಹೆಗಲು, ಎಲ್ಲ ಕಂಡಿತು. ಕೊನೆಯ ಸ್ವರ ನಿಂತಾಗ ಮೈದಾನದಲ್ಲಿ ಸದ್ದೇ ಇರಲಿಲ್ಲ. ಮಾರ್ನಿ ಮೌನ ಕಂಬಳಿಗಳ ಕಡೆ ನೋಡಿ ಟ್ಯೂಬಾ ಇಳಿಸಿದಳು. ಆ ನೋಟವನ್ನು ವರ್ನಾಳಿಂದ ತಡೆಯಲಾಗಲಿಲ್ಲ. ಎದ್ದು ನಿಂತು ಕಂಬಳಿಯೊಳಗಿಂದಲೇ ಚಪ್ಪಾಳೆ ತಟ್ಟಿದಳು. ಪಕ್ಕದ್ದು ಎದ್ದಿತು. ಮುಂದಿನದು ಎದ್ದಿತು. ಇಡೀ ಗ್ಯಾಲರಿ ಎದ್ದು ನಿಂತು ಗುದ್ದಿದ ಉಣ್ಣೆಯಂತೆ ದಬದಬನೆ ಸದ್ದು ಮಾಡಿತು.

ಮೈಕಿನ ಬಳಿ ಪ್ರೂಯಿಟ್ ಬಿಳಿಚಿಕೊಂಡರು. ಸಮಿತಿಯ ತುರ್ತು ಸಭೆ ಅಲ್ಲೇ ಹುಲ್ಲಿನ ಮೇಲೆ ಸೇರಿತು. ಕಂಬಳಿಗಳು ಎದ್ದವೆಂದು ಒಪ್ಪಿದರೆ ಕಂಬಳಿಗಳ ನಡತೆಯಲ್ಲಿ ದೋಷವಿದೆಯೆಂದಾಗುತ್ತದೆ. ಮನುಷ್ಯರು ಎದ್ದರೆಂದು ಒಪ್ಪಿದರೆ ಒಳಗೆ ಮನುಷ್ಯರಿದ್ದರೆಂದಾಗುತ್ತದೆ. ಮಾರಿದ ಕಂಬಳಿಗಳನ್ನು ಭಾವಮೈದುನ ವಾಪಸು ತೆಗೆದುಕೊಳ್ಳುವುದಿಲ್ಲ. ಕೊನೆಗೆ ಪ್ರೂಯಿಟ್ ಮೈಕಿಗೆ ಬಂದರು.

"ಈಗ ಬೀಸಿದ್ದು ಗಾಳಿ. ಗಾಳಿಯ ಸಹಕಾರಕ್ಕೆ ಸಮಿತಿ ಆಭಾರಿಯಾಗಿದೆ."

ತೀರ್ಪುಗಾರರು ಅದನ್ನು ಗಾಳಿಯೆಂದೇ ಬರೆದುಕೊಂಡರು.

ಸ್ಪರ್ಧೆ ಮುಗಿದ ಮೇಲೆ ಬಸ್ಸಿನ ಹತ್ತಿರ ಮಾರ್ನಿ ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. "ಮೊದ್ಲು ಎದ್ದದ್ದು ನೀನೇ ಅಲ್ವಾ?"

"ಛೆ, ನಾನೆಲ್ಲಿ? ಗಾಳಿ ಕಣೇ," ಎಂದಳು ವರ್ನಾ, ಹಣೆಗೆ ಅಂಟಿದ ಉಣ್ಣೆ ಎಳೆ ಕೀಳುತ್ತ.

ಮರುವರ್ಷ ಕಂಬಳಿ ಹೊದ್ದೇ ಬರುವುದು ರೂಢಿಯಾಯಿತು. ಗಾಳಿಗೆ ಸಮಯ ನಿಗದಿಯಾಯಿತು, ಪ್ರತಿ ತಂಡದ ಕೊನೆಗೆ ಪ್ರೂಯಿಟ್ "ಗಾಳಿ!" ಎನ್ನುತ್ತಿದ್ದರು, ಎಲ್ಲರೂ ಬೀಸುತ್ತಿದ್ದರು. ಸೆಕೆಗೆ ತಲೆಸುತ್ತಿ ಬಿದ್ದವರನ್ನು ಮಡಚಿ ಆಂಬುಲೆನ್ಸಿಗೆ ಸಾಗಿಸಲಾಗುತ್ತಿತ್ತು. ಮಾರ್ನಿಯೂ ಈಗ ಪ್ರೇಕ್ಷಕಿ. ಅಜ್ಜಿಯ ಪಕ್ಕ ಹಳದಿ ಕಂಬಳಿಯೊಳಗೆ ಕೂತು ಗೊಣಗುತ್ತಿದ್ದಳು.

ಅಷ್ಟರಲ್ಲಿ ಓಹಾಯೋ ಕಡೆಯಿಂದ ಬಂದ ಹೊಸಬನೊಬ್ಬ ಟಿಕೆಟ್ಟು ಹಿಡಿದು, ಬರೇ ಅಂಗಿ ಚಡ್ಡಿಯಲ್ಲಿ, ಮುಂದಿನ ಸಾಲಿನಲ್ಲಿ ಬಂದು ಕೂತ. ಬೆನ್ನು ಬಾಗಿಸಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು, ಹಿಂದಿನವರಿಗೆಲ್ಲ ಮೈದಾನ ಚೆನ್ನಾಗಿ ಕಾಣುವಂತೆ ಸುಮ್ಮನೆ ಕೂತ.

ಗ್ಯಾಲರಿಯಲ್ಲಿ ಗುಸುಗುಸು ಎದ್ದಿತು. ವರ್ನಾ ಮೊಮ್ಮಗಳ ಕಡೆ ವಾಲಿದಳು.

"ನೋಡೇ ಅವನ್ನ. ಮನುಷ್ಯರು ಕೂತ್ಕೊಳ್ಳೋ ಜಾಗಾನಾ ಇದು? ನಾಚಿಕೆ ಇಲ್ದೆ ಹಾಗೇ ಬಂದ್ಬಿಟ್ಟಿದ್ದಾನೆ!"